ಕುಳ್ಳಿನ ಮೇಲೆ ಆವಕ ಸಂಖ್ಯೆ

ಮಾನ್ಯ ಓದುಗರ ಸನ್ನಿಧಿಗೆ,

ವಿಷಯ: ಇಂಗ್ಲಿಷಿನ 'ಮೆನ್ಯೂರ್' ಎಂಬ ಶಬ್ದದ ಹುಟ್ಟು ಮತ್ತು ಅರ್ಥಗಳನ್ನು ಹುಡುಕಲು ಹೋಗಿ ನನ್ನ ಬಲಗೈ ಹೆಂಡಿಯಲ್ಲಿ ಮುಳುಗಿದ ಬಗ್ಗೆ.

ಉಲ್ಲೇಖ: ೧. ನಮ್ಮ ಸಾಹೇಬರ ಮೌಖಿಕ ಆದೇಶ. ೨. ನಮ್ಮ ಅತ್ತೆಯವರ ಮೂರು ವರ್ಷಗಳ ಮೌನ.

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ನಾನು ಈವರೆಗೆ ಪತ್ರಗಳನ್ನು ಬಿಟ್ಟು ಬೇರೇನನ್ನೂ ಬರೆದವಳಲ್ಲ. ನೆನಪುಗಳನ್ನು ಬರೆಯುವವರು ಹೇಗೆ ಪ್ರಾರಂಭಿಸುತ್ತಾರೆಂಬುದು ನನಗೆ ತಿಳಿಯದು. ನಾಲ್ಕು ಸಲ ಬೇರೆ ರೀತಿಯಲ್ಲಿ ಪ್ರಾರಂಭಿಸಿ ನಾಲ್ಕೂ ಹಾಳೆಗಳನ್ನು ಹರಿದು ಹಾಕಿದ್ದೇನೆ. ಐದನೆಯ ಸಲ 'ವಿಷಯ' ಎಂದು ಬರೆದ ಕೂಡಲೇ ಪೆನ್ನು ತಾನಾಗಿ ಓಡತೊಡಗಿತು. ಆದ ಕಾರಣ ಇದೇ ನಮೂನೆಯಲ್ಲಿ ಮುಂದುವರಿಯಲು ಅನುಮತಿ ಕೋರುತ್ತೇನೆ.

ಹುಮನಾಬಾದಿನಲ್ಲಿ ಸಾವಯವ ಗೊಬ್ಬರ ಮಾರುವ ಒಂದು ಚಿಕ್ಕ ಸಂಘದಲ್ಲಿ ನಾನು ಆವಕ-ಜಾವಕ ಗುಮಾಸ್ತೆ. ಬಂದ ಕಾಗದವನ್ನು ಆವಕ ವಹಿಯಲ್ಲಿ, ಹೋದ ಕಾಗದವನ್ನು ಜಾವಕ ವಹಿಯಲ್ಲಿ ದಾಖಲಿಸಿ, ಪ್ರತಿಯೊಂದರ ಮೂಲೆಗೆ ಒಂದು ಸಂಖ್ಯೆ ಹಾಕುವುದು ನನ್ನ ಕರ್ತವ್ಯ. ಆವಕ ಸಂಖ್ಯೆ ಬೀಳದ ಕಾಗದ ನಮ್ಮ ಕಚೇರಿಯ ದೃಷ್ಟಿಯಲ್ಲಿ ಬಂದೇ ಇಲ್ಲ. ಅದು ಮೇಜಿನ ಮೇಲೆ, ಕಣ್ಣೆದುರಿಗೆ, ಚಹಾದ ಲೋಟದ ಕೆಳಗೆ ಇದ್ದರೂ ಬಂದಿಲ್ಲ. ಆರು ವರ್ಷಗಳಿಂದ ಇದನ್ನೇ ಮಾಡುತ್ತಿರುವ ಕಾರಣ, ಯಾವ ವಸ್ತು ಎದುರಿಗೆ ಬಂದರೂ ಅದಕ್ಕೊಂದು ಸಂಖ್ಯೆ ಬರೆಯಬೇಕೆನ್ನುವ ಚಪಲ ನನ್ನ ತೋರುಬೆರಳಿಗೆ ಅಂಟಿಕೊಂಡಿದೆ. ರೊಟ್ಟಿ ಬಡಿಯುವಾಗ ಹಿಟ್ಟಿನ ಮೇಲೂ ಬರೆದದ್ದುಂಟು. ಈ ಚಪಲವನ್ನು ಓದುಗರು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳತಕ್ಕದ್ದು.

ನನ್ನ ಗಂಡನ ಮನೆ ಬಸವಕಲ್ಯಾಣದಲ್ಲಿ, ಕೋಟೆಯ ಕಡೆಗೆ ಹೋಗುವ ಒಂದು ಓಣಿಯಲ್ಲಿದೆ. ಎರಡು ಆಕಳು, ಒಂದು ಎಮ್ಮೆ, ಹಿತ್ತಲಲ್ಲಿ ತಿಪ್ಪೆ, ಮಂಠಾಳದ ದಾರಿಯಲ್ಲಿ ಒಂದಿಷ್ಟು ತೊಗರಿ ಹೊಲ. ಇವೆಲ್ಲದರ ಆಡಳಿತ ನಮ್ಮ ಅತ್ತೆಯವರದು. ಮದುವೆಯಾದ ಮರುದಿನ ಬೆಳಿಗ್ಗೆ ನಾನು ಸೀರೆಯ ನಿರಿಗೆ ಎತ್ತಿ ಕಟ್ಟಿಕೊಂಡು ಕೊಟ್ಟಿಗೆಗೆ ಹೋದೆ. ಹೆಂಡಿಯ ಬುಟ್ಟಿಗೆ ಕೈ ಹಾಕಿದೆ. ನಮ್ಮ ಕಡೆ ಹೆಂಡಿ ಎಂದರೆ ಹಸಿ ಸೆಗಣಿ. ಅತ್ತೆಯವರು ಓಡಿ ಬಂದು ಬುಟ್ಟಿಯನ್ನು ಕಸಿದುಕೊಂಡರು.

"ಬಿಡು, ಬಿಡು! ಇದು ನಿನ್ನ ಕೆಲಸ ಅಲ್ಲ. ನಿಂದು ಕಾಗದದ ಕೈ ಅದ."

"ಇಲ್ರಿ ಅತ್ತಿ, ಮಾಡ್ತೀನ್ರಿ."

"ಬ್ಯಾಡ ಅಂದೆ ಇಲ್ಲ? ಹೋಗು, ಒಳಗ ಚಾ ಆಗ್ಯಾದ."

ಸದರಿ ಆದೇಶಕ್ಕೆ ಕಾರಣ ನೀಡಿರಲಿಲ್ಲ. ಕಾರಣ ನೀಡದ ಆದೇಶವನ್ನು ಓದುವವನು ತನ್ನ ಭಯದ ಪ್ರಕಾರ ಓದಿಕೊಳ್ಳುತ್ತಾನೆ. ನಾನು ಹಾಗೆಯೇ ಓದಿಕೊಂಡೆ: ಈ ಮನೆಗೆ ನಾನು ಬೇಡ.

ಇದಕ್ಕೆ ಇನ್ನೊಂದು ಆಧಾರವೂ ಇತ್ತು. ದೀಪಾವಳಿಯ ಪಾಡ್ಯದ ಬೆಳಿಗ್ಗೆ ನಮ್ಮಲ್ಲಿ ಆಕಳ ಹೆಂಡಿಯಿಂದ ಪಾಂಡವರನ್ನು ಮಾಡುತ್ತಾರೆ. ಮುಷ್ಟಿಗಾತ್ರದ ಐದು ಗೋಪುರಗಳು. ತಲೆಗೆ ಚೆಂಡು ಹೂವು, ಉತ್ತರಾಣಿ ಕಡ್ಡಿ, ಮೇಲೆ ಒಂದು ಚಮಚ ಮೊಸರು. ಹೊಸ್ತಿಲಲ್ಲಿ ಕೂರಿಸಿ ಪೂಜೆ. ಇದು ಎಲ್ಲರ ಮನೆಯಲ್ಲೂ ಉಂಟು. ಆದರೆ ನಮ್ಮ ಮನೆಯಲ್ಲಿ ಮಾತ್ರ, ಸೊಸೆಯಾದವಳು ಮೊದಲ ಸಲ ಪಾಂಡವರನ್ನು ಮಾಡಿದ ದಿನ ಅದೇ ಕೈಯನ್ನು ಕೊಟ್ಟಿಗೆಯ ಗೋಡೆಗೆ ಒತ್ತಬೇಕು. ಸುಣ್ಣ ಬಳಿಯುವಾಗಲೂ ಆ ಗುರುತುಗಳನ್ನು ಬಿಟ್ಟು ಸುತ್ತಲೂ ಬಳಿಯುತ್ತಾರೆ. ಗೋಡೆಯ ಮೇಲೆ ಮೂರು ಕೈಗಳಿದ್ದವು. ಅತ್ತೆಯವರ ಅತ್ತೆಯದು ಮೊದಲನೆಯದು, ಅದರಲ್ಲಿ ಈಗ ಮೂರು ಬೆರಳಷ್ಟೇ ಉಳಿದಿವೆ. ಎರಡನೆಯದು ನಮ್ಮ ಅತ್ತೆಯವರದು, ಅಗಲವಾದದ್ದು. ಮೂರನೆಯದು ನನ್ನ ನೆಗೆಣ್ಣಿಯದು, ಅಂದರೆ ಭಾವನ ಹೆಂಡತಿಯದು. ಅವಳು ಚಿಟಗುಪ್ಪದಲ್ಲಿ ಸಂಸಾರ ಹೂಡಿದ್ದು, ಹಬ್ಬಕ್ಕೆ ತಪ್ಪದೆ ಬರುತ್ತಾಳೆ.

ಮೊದಲ ದೀಪಾವಳಿಗೆ ನನಗೆ ರಂಗೋಲಿ ಒಪ್ಪಿಸಿದರು. ಎರಡನೆಯದಕ್ಕೆ ಹೂವು ಬಿಡಿಸುವುದನ್ನು. ಮೂರನೆಯದಕ್ಕೆ, "ನೀ ಕಲತಾಕಿ, ಕೂತು ಪಂಚಾಂಗ ಓದು," ಎಂದರು. ನಾನು ತಿಥಿ, ವಾರ, ನಕ್ಷತ್ರ ಓದುತ್ತ ಕಿಟಕಿಯಿಂದ ಗೋಡೆಯನ್ನು ನೋಡಿದೆ. ಮೂರನೆಯ ಕೈಯ ಪಕ್ಕದಲ್ಲಿ ಒಂದು ಕೈಗೆ ಸಾಕಾಗುವಷ್ಟು ಜಾಗ ಖಾಲಿ ಇತ್ತು.

ಪರಿಸ್ಥಿತಿ ಹೀಗಿರುವಾಗ, ಕಳೆದ ವರ್ಷ ದೀಪಾವಳಿಗೆ ಒಂದು ತಿಂಗಳಿರುವಂತೆ ನಮ್ಮ ಸಾಹೇಬರು ನನ್ನನ್ನು ಕರೆದರು. ಸಂಘದ ಗೊಬ್ಬರಕ್ಕೆ ಹೊಸ ಚೀಲಗಳು ಬರಲಿದ್ದವು.

"ಮೇಡಂ, ಚೀಲದ ಮ್ಯಾಲ ಇಂಗ್ಲಿಷ್‌ನಾಗ 'ಮೆನ್ಯೂರ್' ಅಂತ ದೊಡ್ಡದಾಗಿ ಹಾಕಸಾಕತ್ತೀವಿ."

"ಗೊಬ್ಬರ ಅಂತ ಹಾಕಿದ್ರ ಆಗಂಗಿಲ್ಲೇನ್ರಿ ಸರ್?"

"ಗೊಬ್ಬರ ಅಂದ್ರ ಮಂದಿ ಮೂಗಿಗೆ ಕೈ ಹಚ್ಚತಾರ. ಮೆನ್ಯೂರ್ ಅಂದ್ರ ಅದೇ ಕೈ ಮುಂದ ಮಾಡಿ ತಗೋತಾರ. ನೀವ್ ಒಂದ್ ಕೆಲಸ ಮಾಡ್ರಿ. ಆ ಶಬ್ದ ಎಲ್ಲಿಂದ ಬಂತು, ಏನ್ ಅರ್ಥ, ಒಂದ್ ಪುಟ ಬರದು ಕೊಡ್ರಿ. ಕರಪತ್ರ ಮಾಡೋಣ."

ಕಚೇರಿಯಲ್ಲಿ ಒಂದು ದಪ್ಪ ಇಂಗ್ಲಿಷ್ ನಿಘಂಟು ಇತ್ತು. ಇಷ್ಟು ವರ್ಷ ಅದನ್ನು ಕಿಟಕಿಯ ಬಾಗಿಲು ಬಡಿಯದಂತೆ ಆನಿಸಿಡಲು ಬಳಸುತ್ತಿದ್ದೆವು. ಅದನ್ನು ಬಿಡುಗಡೆಗೊಳಿಸಿ, ಟಿಫಿನ್ ಚೀಲದಲ್ಲಿ ಹಾಕಿಕೊಂಡು ಸಂಜೆಯ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಪುಟ ತೆರೆದು ಸಣ್ಣಕ್ಷರಗಳನ್ನು ಓದತೊಡಗಿದೆ. ಬಸ್ಸು ರಾಜೇಶ್ವರ ತಲುಪುವ ವೇಳೆಗೆ ನಾನು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದೆ.

ಪಕ್ಕದಲ್ಲಿ ಕುಳಿತಿದ್ದ ಹಿರಿಯಳೊಬ್ಬಳು ಇಳಿಯಲೆಂದು ಎದ್ದವಳು ನಿಂತಳು.

"ಏನ್ ಬಾಯಿ, ಒಬ್ಬಾಕೀನ ನಗಾಕತ್ತಿ? ಪುಸ್ತಕದಾಗ ಏನ್ ಬರದಾರ?"

"ಗೊಬ್ಬರದ ಬಗ್ಗೆ ಬರದಾರ್ರಿ."

"ಗೊಬ್ಬರದಾಗ ನಗೂದು ಏನ್ ಅದ?"

"ಇಂಗ್ಲಿಷ್‌ನಾಗ ಅದಕ್ಕ ಮೂಲದಾಗ ಕೈಕೆಲಸ ಅಂತ ಅರ್ಥ ಅದರಿ."

"ಮತ್ತೇನ್, ತಿಪ್ಪಿ ತಾನ ಎದ್ದು ಹೊಲಕ್ಕ ನಡಕೋತ ಹೋಗತದೇನ್?" ಎಂದು ಹೇಳಿ ಆಕೆ ಇಳಿದುಹೋದಳು. ನಿಘಂಟನ್ನು ಬರೆದವರು ಆಕೆಯನ್ನು ಮೊದಲೇ ಕೇಳಿದ್ದರೆ ಅರ್ಧ ಪುಟ ಉಳಿಯುತ್ತಿತ್ತು.

ಸದರಿ ಶಬ್ದದ ಸೇವಾ ವಿವರವನ್ನು ಇಲ್ಲಿ ಸಂಕ್ಷಿಪ್ತವಾಗಿ ಸಲ್ಲಿಸುತ್ತೇನೆ. ಇದರ ಪೂರ್ವಜರು ಲ್ಯಾಟಿನ್ ಭಾಷೆಯವರು. ಅಲ್ಲಿ 'ಮಾನುಸ್' ಎಂದರೆ ಕೈ. ಅದಕ್ಕೆ ಕೆಲಸ ಎಂಬ ಶಬ್ದ ಕೂಡಿ, ಫ್ರೆಂಚರ ಬಾಯಲ್ಲಿ ಹಾದು, 'ಕೈಯಿಂದ ಕೆಲಸ ಮಾಡು' ಎಂಬ ಅರ್ಥ ಹೊತ್ತು ಇಂಗ್ಲಿಷಿಗೆ ಬಂದಿತು. ಬಂದ ಹೊಸತರಲ್ಲಿ ಇದರ ಹುದ್ದೆ ಸಾಮಾನ್ಯವಾದುದಾಗಿರಲಿಲ್ಲ. ಆ ಕಾಲದಲ್ಲಿ ಮೆನ್ಯೂರ್ ಮಾಡುವುದೆಂದರೆ ಭೂಮಿಯನ್ನು ಹಿಡಿದಿರುವುದು, ಅದರ ಆಡಳಿತ ನಡೆಸುವುದು. ಅಂದರೆ ಜಮೀನ್ದಾರರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುವ ಶಬ್ದ. ನಂತರ ಅದನ್ನು ಹೊಲಕ್ಕೆ ಕಳಿಸಿದರು. ಅಲ್ಲಿ ಉಳುವುದು, ಸಾಗುವಳಿ ಮಾಡುವುದು ಎಂಬ ಅರ್ಥ ಬಂತು. ನಡುವೆ ಸ್ವಲ್ಪ ಕಾಲ ಶಿಕ್ಷಣ ಕ್ಷೇತ್ರಕ್ಕೂ ನಿಯೋಜನೆಗೊಂಡಿದ್ದು, ಮನಸ್ಸನ್ನು ಹದಗೊಳಿಸುವುದಕ್ಕೂ ಅದೇ ಶಬ್ದವನ್ನು ಬಳಸಿದ ದಾಖಲೆ ಇದೆ. ಕೊನೆಗೆ, ಹದಗೊಳಿಸಬೇಕಾದರೆ ಏನು ಹಾಕಬೇಕು ಎಂಬ ಪ್ರಶ್ನೆ ಬಂದು, ಹಾಕುವ ವಸ್ತುವಿಗೇ ಹೆಸರನ್ನು ಕೊಟ್ಟು, ಯಾವ ವಿಚಾರಣೆಯೂ ಇಲ್ಲದೆ ಖಾಯಂ ಆಗಿ ತಿಪ್ಪೆಗೆ ವರ್ಗಾಯಿಸಿದರು.

ಇದಕ್ಕಿಂತ ನಗು ತರುವ ವಿಚಾರ ಅದರ ಒಡಹುಟ್ಟಿದವನದು. ಅದೇ ತಾಯಿ ತಂದೆಯರ ಹೊಟ್ಟೆಯಲ್ಲಿ ಹುಟ್ಟಿದ 'ಮನೂವರ್' ಎಂಬ ಶಬ್ದ ಸ್ವಲ್ಪ ತಡವಾಗಿ ಫ್ರಾನ್ಸಿನಿಂದ ಬಂದು ನೇರವಾಗಿ ಸೈನ್ಯಕ್ಕೆ ಸೇರಿತು. ದಂಡು ನಡೆಸುವುದು, ಹಡಗು ತಿರುಗಿಸುವುದು, ಉಪಾಯದಿಂದ ಎದುರಾಳಿಯನ್ನು ಕಟ್ಟಿಹಾಕುವುದು ಅದರ ಕೆಲಸ. ಒಬ್ಬ ಅಣ್ಣ ತಿಪ್ಪೆಯಲ್ಲಿ, ಒಬ್ಬ ತಮ್ಮ ಫೌಜಿನಲ್ಲಿ! ಇಬ್ಬರೂ ಹಬ್ಬಕ್ಕೆ ಒಂದೇ ಮನೆಗೆ ಬಂದರೆ ಅವರ ತಾಯಿ ಯಾರ ಬೆನ್ನು ಸವರುತ್ತಾಳೆ ಎಂದು ಯೋಚಿಸಿ ನಾನು ಮತ್ತೆ ನಕ್ಕೆ. ಕಂಡಕ್ಟರು ತಿರುಗಿ ನೋಡಿದರು.

ಆದರೆ ಊರು ಹತ್ತಿರ ಬಂದಂತೆ ನಗು ಎಲ್ಲಿಗೋ ಹೋಯಿತು. ನಿಘಂಟನ್ನು ಮುಚ್ಚಿದೆ. ನಮ್ಮಲ್ಲಿ ಅದೇ ವಸ್ತುವಿಗೆ ಹಸಿಯಿದ್ದಾಗ ಹೆಂಡಿ, ತಟ್ಟಿ ಒಣಗಿಸಿದಾಗ ಕುಳ್ಳು, ತಿಪ್ಪೆಯಲ್ಲಿ ಕೊಳೆತಾಗ ಗೊಬ್ಬರ ಎನ್ನುತ್ತಾರೆ. ಹೆಜ್ಜೆಹೆಜ್ಜೆಗೂ ಹೆಸರುಂಟು, ಕೈ ಎಂಬ ಮಾತು ಮಾತ್ರ ಎಲ್ಲಿಯೂ ಇಲ್ಲ. ಕೈ ಇದ್ದೇ ಇರುತ್ತದೆಂದು ಬಿಟ್ಟಿರಬೇಕು. ನಾನೋ ಅಷ್ಟರಲ್ಲಿ ಐದು ವರ್ಷಗಳಿಂದ ಗೊಬ್ಬರದ ಕಾಗದಗಳಲ್ಲೇ ಬದುಕಿದವಳು. ಗೊಬ್ಬರದ ಕೋರಿಕೆ, ಗೊಬ್ಬರದ ಜ್ಞಾಪನ, ಗೊಬ್ಬರದ ಸಭೆಯ ನಡಾವಳಿ. ಇಷ್ಟೆಲ್ಲಾ ಇದ್ದೂ ಅದರಲ್ಲಿ ಒಂದು ಸಲವೂ ಕೈ ಇಟ್ಟವಳಲ್ಲ. ಅತ್ತೆಯವರು ಹೇಳಿದ್ದು ಸರಿಯೇ ಇತ್ತು. ಇಡೀ ಶಬ್ದದಲ್ಲಿ ಮುಖ್ಯವಾದದ್ದು ಯಾವುದೋ ಅದೇ ನನ್ನ ಹತ್ತಿರ ಇರಲಿಲ್ಲ.

ಮರುದಿನವೇ ಊಟದ ಬಿಡುವಿನಲ್ಲಿ ಗೋದಾಮಿಗೆ ಹೋದೆ. ಗೋದಾಮು ನೋಡಿಕೊಳ್ಳುವವರು ಒಬ್ಬ ಹಿರಿಯರು. ನಾವೆಲ್ಲರೂ ಅವರನ್ನು ಚಾಚಾ ಎನ್ನುತ್ತೇವೆ. ಅವರ ಮನೆತನ ಹುಮನಾಬಾದಿನಲ್ಲಿ ಎಷ್ಟು ತಲೆಮಾರಿನದೆಂದು ಅವರಿಗೇ ಗೊತ್ತಿಲ್ಲ. ಅಂಗಳದಲ್ಲಿ ರೈತರು ತಂದು ಸುರಿದ ಹಸಿ ಹೆಂಡಿಯ ರಾಶಿ ಇತ್ತು.

"ಚಾಚಾ, ನನಗ ಕುಳ್ಳು ತಟ್ಟೂದು ಕಲಸ್ರಿ."

ಚಾಚಾ ಬಾಯಿಗೆ ಹಾಕಿಕೊಳ್ಳಲಿದ್ದ ಎಲೆಯನ್ನು ಕೈಯಲ್ಲೇ ಹಿಡಿದು ನಿಂತರು.

"ಅರೇ ಬೇಟಿ! ಸಾಹೇಬ್ರು ನಿನಗ ಗೋದಾಮಿಗೆ ಟ್ರಾನ್ಸ್‌ಫರ್ ಮಾಡಿದ್ರೇನ್?"

"ಇಲ್ರಿ ಚಾಚಾ, ಮನ್ಯಾಗ ಬೇಕಾಗ್ಯಾದ."

"ಮನ್ಯಾಗ ಬೇಕಾಗಿದ್ರ ಸಾಸೂಮಾಗ ಕೇಳು. ಇಷ್ಟ್ ಮಂದಿ ಸೊಸೀರು ಹೆಂಡಿ ಬ್ಯಾಡ ಅಂತ ಅಳತಾರ. ನೀ ಒಬ್ಬಾಕಿ ಬೇಕಂತ ಅಳಾಕತ್ತಿ."

"ನಾ ಎಲ್ಲಿ ಅಳಾಕತ್ತೀನ್ರಿ?"

"ಕಣ್ಣು ಒರೆಸ್ಕೋ ಮೊದಲ," ಎಂದರು. ನಂತರ ತೋಳು ಮಡಿಸಿದರು. "ಖರೇ ಕಲಿಬೇಕಂದ್ರ ಎರಡ್ ಮಾತು. ಹೊಟ್ಟು ಜರಾ ಜಾಸ್ತಿ, ನೀರು ಜರಾ ಕಮ್ಮಿ. ಗೋಡಿಗೆ ಒಗೀವಾಗ ಹೆದರಬಾರದು. ಹೆದರಿದ ಕೈಯಾಗಿನ ಕುಳ್ಳು ನಿಲ್ಲಂಗಿಲ್ಲ."

ನನ್ನ ಮೊದಲ ಏಳು ಕುಳ್ಳುಗಳು ನಿಲ್ಲಲಿಲ್ಲ. ಒಂದೊಂದೇ ಗೋಡೆಯಿಂದ ಕಳಚಿ, ರಾಜೀನಾಮೆ ಕೊಟ್ಟವರಂತೆ ಕೆಳಗೆ ಬಿದ್ದವು. ಎಂಟನೆಯದು ನಿಂತಿತು. ನನ್ನ ಐದು ಬೆರಳುಗಳು ಅದರ ಮೇಲೆ ಅಚ್ಚೊತ್ತಿದ್ದವು. ಅದನ್ನು ನೋಡಿದ ಹಿಗ್ಗಿಗೆ ನಾನು ಕುಣಿದೆನೆಂದು ಚಾಚಾ ಇಂದಿಗೂ ಹೇಳುತ್ತಾರೆ. ಕುಣಿದ ಬಗ್ಗೆ ನನ್ನಲ್ಲಿ ಯಾವುದೇ ದಾಖಲೆ ಇಲ್ಲ.

ಹತ್ತು ದಿನ ಊಟದ ಬಿಡುವಿನಲ್ಲಿ ತರಬೇತಿ ನಡೆಯಿತು. ಕೊನೆಯ ದಿನ ಚಾಚಾ ಗೋಡೆಯ ಹತ್ತಿರ ಹೋಗಿ, ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಬೇಟಿ, ಇದೇನಿದು? ಪ್ರತಿ ಕುಳ್ಳಿನ ಮ್ಯಾಲ ನಂಬರ್ ಅದ."

ನಾನೂ ನೋಡಿದೆ. ಪ್ರತಿಯೊಂದು ಕುಳ್ಳಿನ ಬಲ ಮೇಲ್ತುದಿಯಲ್ಲಿ, ಹಸಿಯಿದ್ದಾಗ ಬೆರಳಿನಿಂದ ಕೊರೆದ ಅಂಕಿ. ಒಂದರಿಂದ ಅರವತ್ತನಾಲ್ಕರವರೆಗೆ, ಒಂದೂ ತಪ್ಪದೆ. ಬಿದ್ದ ಏಳು ಕುಳ್ಳುಗಳಿಗೆ ಮಾತ್ರ ಸಂಖ್ಯೆ ಕೊಟ್ಟಿರಲಿಲ್ಲ.

"ಕೈ ತಾನ ಬರದಾದ್ರಿ ಚಾಚಾ."

"ವಾಹ್! ನಮ್ಮ ಉರ್ದೂದಾಗ ಖತ್ ಅಂದ್ರ ಕಾಗದ. ಮರಾಠಿ ಮಂದಿ ಖತ್ ಅಂದ್ರ ಗೊಬ್ಬರ. ನೀ ಎರಡೂ ಕೂಡಿಸಿ ಗೋಡಿಗೆ ಹಚ್ಚೀದಿ," ಎಂದು ಚಾಚಾ ಗೋದಾಮು ನಡುಗುವಂತೆ ನಕ್ಕರು. "ಈ ಚಟ ಮಾತ್ರ ಮನ್ಯಾಗ ತೋರಸಬ್ಯಾಡ. ಸಾಸೂಮಾ ಗಾಬರಿ ಆಗತಾರ."

ತರಬೇತಿ ಮುಗಿದರೂ ಮುಖ್ಯ ಕೆಲಸ ಉಳಿದಿತ್ತು. ಅತ್ತೆಯವರನ್ನು ಕೇಳಬೇಕಿತ್ತು. ನಾನು ಒಂದು ಅರ್ಜಿ ಸಿದ್ಧಪಡಿಸಿದೆ. ನನ್ನ ಗಂಡ ಅದನ್ನು ನೋಡಿ ಹಣೆ ಚಚ್ಚಿಕೊಂಡರು.

"ಅವ್ವಗ ಅರ್ಜಿ ಕೊಡತೀಯೇನ್? ಬಾಯಿಲೆ ಕೇಳಿ ಮುಗಸು."

"ಬಾಯಿಲೆ ಕೇಳಿದ್ರ ದಾಖಲೆ ಇರಂಗಿಲ್ರಿ."

"ಬಾಯಿಲೆ ಕೇಳಿದ್ರ ಉತ್ತರಾದ್ರೂ ಇರತದ!"

ಅವರ ಮಾತಿನಲ್ಲಿ ನ್ಯಾಯವಿತ್ತು. ಆದರೂ ಬಾಯಿಂದ ಕೇಳಿದರೆ ಬಾಯಿಂದಲೇ 'ಬ್ಯಾಡ' ಎನ್ನುತ್ತಾರೆ, ಆ ಶಬ್ದ ಕಿವಿಯಿಂದ ಹೋಗುವುದಿಲ್ಲ. ಕಾಗದದ ಮೇಲಿನ 'ಬ್ಯಾಡ'ವನ್ನಾದರೆ ಮಡಚಿ ಇಡಬಹುದು. ಅರ್ಜಿಯನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು ಒಂಬತ್ತು ದಿನ ಓಡಾಡಿದೆ. ಸಲ್ಲಿಸುವ ಧೈರ್ಯ ಬರಲಿಲ್ಲ.

ಪಾಡ್ಯದ ಬೆಳಿಗ್ಗೆ ಬಂದೇ ಬಿಟ್ಟಿತು. ನೆಗೆಣ್ಣಿ ಹಿಂದಿನ ದಿನವೇ ಚಿಟಗುಪ್ಪದಿಂದ ಬಂದಿದ್ದಳು, ಒಳಗೆ ಹೋಳಿಗೆಗೆ ಬೇಳೆ ಬೇಯಿಸುತ್ತಿದ್ದಳು. ಅತ್ತೆಯವರು ಆಕಳ ಹೆಂಡಿಯ ಬುಟ್ಟಿಯನ್ನು ಹೊಸ್ತಿಲ ಬಳಿ ಇಟ್ಟು, "ಹಾಲು ಹಿಂಡಿ ಬರ್ತೀನಿ," ಎಂದು ಕೊಟ್ಟಿಗೆಗೆ ಹೋದರು. ನನಗೆ ಈ ಸಲ ಮತ್ತೆ ರಂಗೋಲಿ ವಹಿಸಿದ್ದರು. ರಂಗೋಲಿ ಮುಗಿಯಿತು. ಬುಟ್ಟಿ ಎದುರಿಗೇ ಇತ್ತು, ಸುತ್ತಲೂ ಯಾರೂ ಇರಲಿಲ್ಲ. ಹೆಂಡಿ ಇನ್ನೂ ಬೆಚ್ಚಗಿದ್ದು ಸಣ್ಣಗೆ ಹಬೆಯಾಡುತ್ತಿತ್ತು.

ಪೂರ್ವಾನುಮತಿ ಇಲ್ಲದೆ ಕೆಲಸ ಕೈಗೊಳ್ಳುವುದು ತಪ್ಪೆಂದು ನನಗೆ ತಿಳಿದಿತ್ತು. ಆದರೆ ಕೈ ಆಗಲೇ ಬುಟ್ಟಿಯೊಳಗಿತ್ತು.

ಧರ್ಮರಾಯ ಸ್ವಲ್ಪ ಓರೆಯಾಗಿ ಬಂದ. ಭೀಮ ತನ್ನ ಹೆಸರಿಗೆ ತಕ್ಕಂತೆ ಬಂದ. ಅರ್ಜುನ ಸಪೂರ. ನಕುಲ ಸಹದೇವರನ್ನು ಮಾಡುವ ಹೊತ್ತಿಗೆ ನನಗೆ ಹಾಡು ಬರತೊಡಗಿತ್ತು. ಹಿಗ್ಗಿನಲ್ಲಿ ಮೈಮರೆತು ಐವರನ್ನೂ ಸಾಲಾಗಿ ಕೂರಿಸಿ, ಹೂವು ತರಲು ಎದ್ದೆ. ಅಷ್ಟರಲ್ಲಿ ನೆಗೆಣ್ಣಿ ಹೊರಗೆ ಬಂದಳು. ಬಗ್ಗಿ ನೋಡಿದಳು. ನಂತರ ಇಡೀ ಓಣಿಗೆ ಕೇಳುವಂತೆ ಕೂಗಿದಳು.

"ಅತ್ತೀ! ಲಗೂನ ಬರ್ರಿ! ಧರ್ಮರಾಯಗ ಒಂದ್ ನಂಬರ್ ಬಿದ್ದದ! ಭೀಮಗ ಎರಡ್! ಏ ಯವ್ವಾ, ಪಾಂಡವ್ರಿಗೆ ಪಾಳಿ ಹಚ್ಚಿ ರೇಷನ್ ಕೊಡತೀಯೇನ್?"

ನಾನು ನೋಡಿದೆ. ಐವರ ಎದೆಯ ಮೇಲೂ ಬೆರಳಿನಿಂದ ಕೊರೆದ ಅಂಕಿಗಳು. ಒಂದು, ಎರಡು, ಮೂರು, ನಾಲ್ಕು, ಐದು. ಸಹದೇವನ ಅಂಕಿಯ ಕೆಳಗೆ ಅಂದಿನ ದಿನಾಂಕವೂ ಇತ್ತು.

ಅತ್ತೆಯವರು ಹಾಲಿನ ಚರಿಗೆ ಹಿಡಿದು ಬಂದರು. ನನ್ನ ಕೈ ನೋಡಿದರು. ಪಾಂಡವರನ್ನು ನೋಡಿದರು. ಚರಿಗೆ ಕೆಳಗಿಟ್ಟು, ಕುಕ್ಕರುಗಾಲಲ್ಲಿ ಕುಳಿತು, ಭೀಮನ ಹೊಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ಪರೀಕ್ಷಿಸಿದರು.

"ಹದ ಛಲೋ ಅದ," ಎಂದರು. "ಯಾರ್ ಕಲಸಿದ್ರು?"

"ನಮ್ಮ ಗೋದಾಮಿನ ಚಾಚಾ, ಅತ್ತಿ."

"ಮನ್ಯಾಗ ನಾ ಇರೂವಾಗ ಹುಮನಾಬಾದಿಗೆ ಹೋಗಿ ಕಲತೀಯೇನ್? ನನ್ನ ಯಾಕ ಕೇಳಲಿಲ್ಲ?"

ಎಡಗೈಯಿಂದ ಸೊಂಟದ ಅರ್ಜಿಯನ್ನು ತೆಗೆದು ಚಾಚಿದೆ. ಅತ್ತೆಯವರ ಕನ್ನಡಕ ಒಳಗಿತ್ತು. ನೆಗೆಣ್ಣಿ ಅದನ್ನು ಕಸಿದುಕೊಂಡು ಗಟ್ಟಿಯಾಗಿ ಓದಿದಳು.

"'ಇವರಿಗೆ, ಪೂಜ್ಯ ಅತ್ತೆಯವರು. ಇವರಿಂದ, ತಮ್ಮ ಕಿರಿಯ ಸೊಸೆ. ವಿಷಯ: ಹೆಂಡಿ ಬುಟ್ಟಿಯ ಮಂಜೂರಾತಿ ಕುರಿತು.' ಅಯ್ಯಯ್ಯೋ ಶಿವನೇ! 'ಮಾನ್ಯರೇ, ಕಳೆದ ಮೂರು ದೀಪಾವಳಿಗಳಲ್ಲಿ ನನಗೆ ರಂಗೋಲಿ, ಹೂವು ಹಾಗೂ ಪಂಚಾಂಗದ ಹೆಚ್ಚುವರಿ ಪ್ರಭಾರ ವಹಿಸಿದ್ದು, ಮೂಲ ಹುದ್ದೆಯನ್ನು ನೀಡಿರುವುದಿಲ್ಲ. ಕೊಟ್ಟಿಗೆಯ ಗೋಡೆಯಲ್ಲಿ ಮೂರನೆಯ ಕೈಯ ಪಕ್ಕದಲ್ಲಿ ಸ್ಥಳ ಖಾಲಿ ಇರುವುದನ್ನು ಖುದ್ದಾಗಿ ಪರಿಶೀಲಿಸಲಾಗಿದೆ. ನನ್ನದು ಕಾಗದದ ಕೈ ಎಂಬ ಆಕ್ಷೇಪಣೆ ಇದ್ದುದರಿಂದ ಸದರಿ ಕೈಗೆ ತರಬೇತಿ ಕೊಡಿಸಲಾಗಿದೆ.'"

ಇಲ್ಲಿಯವರೆಗೆ ನೆಗೆಣ್ಣಿ ನಗುತ್ತ ನಗುತ್ತ ಓದಿದಳು. ಕೊನೆಯ ಸಾಲಿಗೆ ಬಂದಾಗ ಅವಳ ಧ್ವನಿ ತಾನಾಗಿ ತಗ್ಗಿತು.

"'ಮಂಜೂರು ಮಾಡಲಾಗದಿದ್ದರೆ ಕಾರಣವನ್ನಾದರೂ ತಿಳಿಸಬೇಕು. ಯಾಕೆಂದರೆ, ನಾನು ಈ ಮನೆಗೆ ಬಂದಿದ್ದೇನೆಯೋ ಇಲ್ಲವೋ ಎಂಬುದು ನನಗೇ ತಿಳಿಯದಂತಾಗಿದೆ.'"

ಒಳಗೆ ಬೇಳೆ ಉಕ್ಕಿ ಒಲೆಗೆ ಸುರಿದ ಸದ್ದು ಬಂತು. ಮೂವರಲ್ಲಿ ಯಾರೂ ಒಳಗೆ ಓಡಲಿಲ್ಲ.

"ಹುಚ್ಚಿ," ಎಂದರು ಅತ್ತೆಯವರು. "ಶುದ್ಧ ಹುಚ್ಚಿ ಅದಿ. ನಾ ಬ್ಯಾಡ ಅಂದಿದ್ದು ನಿನ್ನ ಸಲುವಾಗಿ. ನಾ ಹೊಸದಾಗಿ ಬಂದಾಗ ಹುಮನಾಬಾದಿನಾಗ ಒಂದ್ ಲಗ್ನಕ್ಕ ಹೋಗಿದ್ದೆ. ಮೂರು ಸಲ ಕೈ ತೊಳಕೊಂಡು ಹೋಗಿದ್ದೆ. ಆದರೂ ಪಂಕ್ತಿಯಾಗ ಬಾಜೂ ಕೂತಾಕಿ ಮೂಗು ಮುರದು ತನ್ನ ಎಲಿ ಆ ಕಡೆ ಸರಿಸಿಕೊಂಡಳು. ಅವತ್ತಿನ ಹೋಳಿಗಿ ನನ್ನ ಗಂಟಲದಾಗ ಇಳೀಲಿಲ್ಲ. ನೀ ದಿನಾ ಬಸ್ಸಿನಾಗ ನಾಕು ಮಂದಿ ನಡು ಕೂಡಾಕಿ. ನಿನಗ ಯಾರೂ ಹಂಗ ಮಾಡಬಾರದಂತ ನಾ ಬುಟ್ಟಿ ಮುಚ್ಚಿಟ್ಟೆ."

"ಮತ್ತ ನನ್ನ ಕೈ ಏನ್ ಕಬ್ಬಿಣದ್ದೇನ್ರಿ ಅತ್ತಿ?" ಎಂದಳು ನೆಗೆಣ್ಣಿ. "ಬಂದ ಎರಡ್ನೇ ದಿನ ಬುಟ್ಟಿ ತಲಿ ಮ್ಯಾಲ ಹೊರಿಸಿದ್ರಿ!"

"ನಿನ್ನ ಬಾಯಿ ಮುಂದ ಯಾರ್ ಮೂಗು ಮುರೀತಾರ?"

ಮೂವರೂ ಒಮ್ಮೆಲೇ ನಕ್ಕೆವು. ನನ್ನ ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲು ಬಲಗೈ ಎತ್ತಿದೆ. ಇ‍ಬ್ಬರೂ "ಏ ಏ!" ಎಂದು ಕೂಗಿ ತಡೆದರು. ಇಲ್ಲವಾದರೆ ಹಬ್ಬದ ದಿನ ನನ್ನ ಮುಖವೇ ಆರನೆಯ ಪಾಂಡವನಾಗುತ್ತಿತ್ತು.

ಧೈರ್ಯ ಬಂದು ನಾನು ಅತ್ತೆಯವರಿಗೆ ಇಂಗ್ಲಿಷ್ ಶಬ್ದದ ವಿಚಾರವನ್ನು ಮೊದಲಿನಿಂದ ಹೇಳಿದೆ. ಕೈಯಿಂದ ಹುಟ್ಟಿದ್ದು, ಭೂಮಿಯ ಆಡಳಿತ ಮಾಡಿದ್ದು, ತಮ್ಮ ಫೌಜಿಗೆ ಸೇರಿದ್ದು, ತಾನು ಮೇಲಿನಿಂದ ಕೆಳಗಿಳಿದು ತಿಪ್ಪೆಗೆ ಬಿದ್ದದ್ದು. ಅತ್ತೆಯವರು ಹಾಲಿನ ಚರಿಗೆಯ ಮೇಲಿನ ನೊಣ ಹೊಡೆಯುತ್ತ ಕೇಳಿಸಿಕೊಂಡರು.

"ಕೆಳಗ ಬಿತ್ತಂತ ಯಾರ್ ಹೇಳಿದ್ರು?" ಎಂದರು. "ಮೊದಲ ಕುರ್ಚಿ ಮ್ಯಾಲ ಕೂತಿತ್ತು. ಆಮ್ಯಾಲ ಕೆಲಸಕ್ಕ ಹತ್ತಿತು. ನಿಮ್ಮ ಸಾಹೇಬ್ರಿಗೆ ಹಂಗ ಬರದು ಕೊಡು."

ನಾನು ಹಾಗೆಯೇ ಬರೆದು ಕೊಟ್ಟೆ. ಸಾಹೇಬರು ಓದಿ, "ಕುರ್ಚಿ ವಿಚಾರ ತಗೀರಿ, ಉಳಿದದ್ದು ಇರಲಿ," ಎಂದು ಷರಾ ಬರೆದರು. ಅದು ನಂತರದ ಮಾತು.

ಅಂದು ಬೆಳಿಗ್ಗೆ ಅತ್ತೆಯವರು ನನ್ನ ಪಾಂಡವರ ತಲೆಗೆ ಹೂವು ಸಿಕ್ಕಿಸಿ, ಮೊಸರು ಹಾಕಿದರು. ಅಂಕಿಗಳನ್ನು ಅಳಿಸಲು ನಾನು ಕೈ ಚಾಚಿದಾಗ, "ಇರಲಿ ಬಿಡು, ಅಣ್ಣತಮ್ಮರ ಪಾಳಿ ತಪ್ಪಂಗಿಲ್ಲ," ಎಂದರು. ಪೂಜೆ ಮುಗಿದ ಮೇಲೆ ನನ್ನ ಮಣಿಕಟ್ಟು ಹಿಡಿದು ಕೊಟ್ಟಿಗೆಗೆ ಕರೆದುಕೊಂಡು ಹೋದರು. ನೆಗೆಣ್ಣಿ ಹಿಂದಿನಿಂದ ಬುಟ್ಟಿ ತಂದಳು. ಎಮ್ಮೆ ಮೆಲುಕು ನಿಲ್ಲಿಸಿ ನಮ್ಮನ್ನು ನೋಡಿತು.

ನಾನು ಬೆರಳುಗಳನ್ನು ಅಗಲಿಸಿ ಗೋಡೆಗೆ ಕೈ ಒತ್ತಿದೆ. ಚಾಚಾ ಹೇಳಿದಂತೆ ಹೆದರದೆ ಒತ್ತಿದೆ. ಕೈ ತೆಗೆದಾಗ ಮೂರನೆಯ ಕೈಯ ಪಕ್ಕದಲ್ಲಿ ನನ್ನ ಕೈ ಇತ್ತು, ಕಿರುಬೆರಳು ಸ್ವಲ್ಪ ಸೊಟ್ಟ. ನನ್ನ ತೋರುಬೆರಳು ಅಭ್ಯಾಸಬಲದಿಂದ ಆ ಗುರುತಿನ ಬಲ ಮೇಲ್ತುದಿಗೆ ಹೋಯಿತು. ಹೋದದ್ದು ಗೊತ್ತಾಗಿ ಸರ್ರನೆ ಹಿಂದೆಗೆದೆ.

ಅತ್ತೆಯವರು ನೋಡಿಬಿಟ್ಟಿದ್ದರು.

"ಯಾಕ ನಿಂತಿ?" ಎಂದರು. "ನಮ್ಮ ಅತ್ತಿದು ಒಂದು, ನಂದು ಎರಡು, ಅಕಿದು ಮೂರು. ಮುಂದಿಂದು ಹಾಕು."

ನಾನು ಹಾಕಿದೆ.

ಈ ಮೇಲಿನ ಸಂಗತಿಗಳನ್ನು ತಮ್ಮ ಅವಗಾಹನೆಗೆ ಸಲ್ಲಿಸಿದ್ದೇನೆ.

ತಮ್ಮ ವಿಶ್ವಾಸಿ,
ಆವಕ ಸಂಖ್ಯೆ ನಾಲ್ಕು.

ಅಡಕ: ಇಲ್ಲ. ಈ ದಿನ ಬೆಳಿಗ್ಗೆಯ ಕುಳ್ಳುಗಳನ್ನು ತಟ್ಟಿದ ಕೈಯನ್ನು ಇನ್ನೂ ತೊಳೆಯದ ಕಾರಣ ಬೇರೆ ಕಾಗದಗಳನ್ನು ಮುಟ್ಟಲಾಗಲಿಲ್ಲ. ಈ ಹಾಳೆಯ ಅಂಚಿನಲ್ಲಿ ಕಲೆ ಕಂಡುಬಂದಲ್ಲಿ ಅದನ್ನೇ ಸಹಿ ಎಂದು ಪರಿಗಣಿಸತಕ್ಕದ್ದು.